ಖಾಲಿ ಡ್ರಮ್ಮುಗಳ ಸಿನಿಮಾ

ಕಳ್ಳಭಟ್ಟಿಯ ಅಡ್ಡೆಗೆ ನಾಯಕ ನುಗ್ಗಿ ಡ್ರಮ್ಮುಗಳನ್ನು ಒದ್ದು ಉರುಳಿಸುವ ಸೀನು ಬಂದಾಗ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೆದವರು ಯಾರು? ನಾವೇ. ನಮ್ಮಪ್ಪ, ನಮ್ಮ ಚಿಕ್ಕಪ್ಪಂದಿರು, ನಮ್ಮ ಕೇರಿಯ ಗಾರೆ ಕೆಲಸದವರು, ಲಾರಿಗೆ ಮೂಟೆ ಎತ್ತುವವರು. ಸಿನಿಮಾ ಬಿಟ್ಟ ಮೇಲೆ ಅದೇ ಜನ ಎಲ್ಲಿಗೆ ಹೋಗುತ್ತಿದ್ದರು? ಸಾರಾಯಿ ಅಂಗಡಿಗೆ. ಪರದೆಯ ಮೇಲೆ ಸಾರಾಯಿ ಚೆಲ್ಲಿದ್ದಕ್ಕೆ ಶಿಳ್ಳೆ, ಹೊರಗೆ ಬಂದರೆ ಗ್ಲಾಸು. ಇದನ್ನು ನೋಡಿ ನಗುವ ಬುದ್ಧಿವಂತರು ನಮ್ಮಲ್ಲಿ ಬಹಳ ಇದ್ದಾರೆ. ಜನರ ಅಭಿರುಚಿ ಕೆಟ್ಟಿದೆ, ಅಗ್ಗದ ಹೊಡೆದಾಟದ ಚಿತ್ರಗಳು ಅವರ ಪ್ರಜ್ಞೆಯನ್ನು ಮಂಕು ಮಾಡಿವೆ ಎಂದು ಬರೆಯುತ್ತಾರೆ. ನಾವೂ ಕಾಲೇಜು ಮೆಟ್ಟಿಲು ಹತ್ತಿದ ಹೊಸದರಲ್ಲಿ ಹಾಗೇ ಮಾತಾಡಿದ್ದೆವು. ಮನೆಯಲ್ಲಿ ಮೊದಲ ಸಲ ಒಬ್ಬ ಡಿಗ್ರಿ ಮಾಡಿದರೆ ಇಂಥ ರೋಗವೂ ಬರುತ್ತದೆ.

ಕನ್ನಡದ ಸಿನಿಮಾ ವಿಮರ್ಶೆ 'ಸಂಸ್ಕಾರ' (1970), 'ಘಟಶ್ರಾದ್ಧ' (1977) ಎಂದು ಅಗ್ರಹಾರದ ಬೀದಿಗಳಲ್ಲಿ ಎಷ್ಟು ಸಲ ತಿರುಗಿತೋ ಲೆಕ್ಕವಿಲ್ಲ. ಅವು ಒಳ್ಳೆಯ ಚಿತ್ರಗಳೇ, ನಾವು ಇಲ್ಲ ಅನ್ನುವುದಿಲ್ಲ. ನಮ್ಮವನೊಬ್ಬ ಮುಖ್ಯ ಪಾತ್ರವಾಗಿ ಬಂದದ್ದು 'ಚೋಮನ ದುಡಿ'ಯಲ್ಲಿ (1975). ಅಲ್ಲಿ ಚೋಮ ಏನು ಮಾಡುತ್ತಾನೆ? ಕುಡಿಯುತ್ತಾನೆ, ದುಡಿ ಬಡಿಯುತ್ತಾನೆ, ಸಾಯುತ್ತಾನೆ. ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಕಾವ್ಯದ ಕಡೆ ತಿರುಗಿದರೆ ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ ಇದ್ದಾನೆ. ರತ್ನ ನಮಗೂ ಬಾಯಿಪಾಠ. ಅವನ ಭಾಷೆ ನಮ್ಮದೇ, ಅವನ ನಗು ನಮ್ಮದೇ. ಆದರೆ ರತ್ನನನ್ನು ಸಭೆಯಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದವರು ಪುಟ್ನಂಜಿಯ ಕೂಲಿ ಎಷ್ಟು, ಅದರಲ್ಲಿ ಯೆಂಡದಂಗಡಿಗೆ ಹೋದದ್ದೆಷ್ಟು ಎಂದು ಕೇಳಿದ್ದನ್ನು ನಾವು ಕಂಡಿಲ್ಲ. ಪ್ರಶಸ್ತಿಯ ಸಿನಿಮಾದಲ್ಲೂ ಪಠ್ಯಪುಸ್ತಕದಲ್ಲೂ ನಾವು ಕುಡಿಯುವವರು. ಕುದಿಸುವವರ ಕಥೆ, ಸಾಗಿಸುವವರ ಕಥೆ, ಗುತ್ತಿಗೆ ಹಿಡಿದವರ ಕಥೆ ಎಲ್ಲಿದೆ? ಆ ಅಗ್ಗದ ಹೊಡೆದಾಟದ ಚಿತ್ರಗಳಲ್ಲಿ ಮಾತ್ರ ಇದೆ. ಅರ್ಧಂಬರ್ಧ, ಸುಳ್ಳುಸುಳ್ಳು, ಆದರೂ ಇದೆ. ಅದಕ್ಕೇ ಅವುಗಳ ಬಗ್ಗೆ ಬರೆಯುತ್ತಿದ್ದೇವೆ.

ಆ ಚಿತ್ರಗಳ ಅಡ್ಡೆ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಊರಾಚೆ ಒಂದು ಹಳೇ ಶೆಡ್ಡು, ಇಲ್ಲದಿದ್ದರೆ ಕಲ್ಲು ಕ್ವಾರಿ. ನಾಲ್ಕು ಒಲೆ, ಎಂಟು ಮಡಕೆ, ಗೋಡೆಯುದ್ದಕ್ಕೂ ಡ್ರಮ್ಮು. ಲುಂಗಿ ಉಟ್ಟ ಹತ್ತು ಜನ ರೌಡಿಗಳು. ಪಕ್ಕದಲ್ಲೇ, ಯಾಕೋ ಗೊತ್ತಿಲ್ಲ, ಕ್ಯಾಬರೆ ಕುಣಿಯಲು ಒಂದು ಮೆಟ್ಟಿಲು. ದುಡ್ಡಿಲ್ಲದ ನಿರ್ಮಾಪಕನಿಗೆ ಇದಕ್ಕಿಂತ ಅನುಕೂಲದ ಸೆಟ್ಟು ಬೇರೆ ಇಲ್ಲ. ಒಂದು ಶೆಡ್ಡು ಬಾಡಿಗೆಗೆ ಹಿಡಿದರೆ ಫೈಟು, ಹಾಡು, ಬೆಂಕಿ ಮೂರೂ ಮುಗಿಯುತ್ತವೆ. ನಾಯಕ ಒದ್ದರೆ ಡ್ರಮ್ಮು ಚೆಂಡಿನ ಹಾಗೆ ಉರುಳಿಕೊಂಡು ಹೋಗುತ್ತದೆ.

ನಮ್ಮಪ್ಪ ಲಾರಿಗೆ ಲೋಡು ಎತ್ತಿದ ಮನುಷ್ಯ. ಮಧ್ಯಾಹ್ನ ಟಿವಿಯಲ್ಲಿ ಇಂಥ ಸೀನು ಬಂದಾಗ ಹೇಳಿದ್ದು: 'ಇನ್ನೂರು ಲೀಟ್ರು ಡ್ರಮ್ಮು ಕಣ್ರೋ. ಸ್ಪಿರಿಟ್ಟು ತುಂಬಿದ್ರೆ ನೂರೆಂಬತ್ತು ಕೇಜಿ ಹತ್ರ ಬರ್ತದೆ. ಒದ್ರೆ ಉರುಳೋದು ಡ್ರಮ್ಮಲ್ಲ, ಕಾಲು ಮುರ್ಕೊಂಡು ಇವ್ನೇ ಉರುಳ್ತಾನೆ. ಖಾಲಿ ಡ್ರಮ್ಮು ಇಟ್ಟವ್ರೆ.' ಇಷ್ಟು ಹೇಳಿ ಮತ್ತೆ ಶಿಳ್ಳೆ ಹೊಡೆದರು. ಖಾಲಿ ಅಂತ ಗೊತ್ತು, ಆದರೂ ಶಿಳ್ಳೆ. ನಮ್ಮ ವಿಮರ್ಶಕರು ತಿಳಿದಿರುವಂತೆ ಗಾಂಧಿ ಕ್ಲಾಸಿನ ಮನುಷ್ಯ ಸಿನಿಮಾವನ್ನು ನಿಜ ಅಂತ ನಂಬಿಕೊಂಡು ಕೂತಿರುವವನಲ್ಲ. ಅವನಿಗೆ ಸುಳ್ಳಿನ ತೂಕವೂ ಗೊತ್ತು. ಹಾಗಾದರೆ ಅವನಿಗೆ ಬೇಕಾದದ್ದು ಏನು?

ಇದಕ್ಕೆ ಉತ್ತರ ನಮ್ಮ ಮನೆಯೊಳಗೇ ಇತ್ತು. ಹುಡುಕಲು ನಮಗೆ ತಡವಾಯಿತು.

ನಮ್ಮಜ್ಜಿ ಮದುವೆಯಾಗಿ ಬಂದಾಗ ಬಾಣಸವಾಡಿ ಹಳ್ಳಿ. ದಂಡಿನ ಪ್ರದೇಶಕ್ಕೆ ತರಕಾರಿ, ಹಾಲು, ಕೂಲಿ ಕಳಿಸುತ್ತಿದ್ದ ಹಳ್ಳಿ. ಆಮೇಲೆ ಬಿಡಿಎ ಬಂತು, ಸುತ್ತಲ ಹೊಲಗಳು ಎಚ್‌ಆರ್‌ಬಿಆರ್ ಲೇಔಟ್ ಆದವು, ಹೊರವರ್ತುಲ ರಸ್ತೆ ಬಂತು, ಹೊಲ ಕಳೆದುಕೊಂಡವರಿಗೆ ಒಂದಿಷ್ಟು ದುಡ್ಡು ಬಂತು. ಹೊಲವೇ ಇಲ್ಲದವರಿಗೆ ಕಳೆದುಕೊಳ್ಳುವುದಕ್ಕೂ ಏನಿರಲಿಲ್ಲ, ಬರುವುದಕ್ಕೂ ಏನಿರಲಿಲ್ಲ. ಅಜ್ಜಿ ಹಗಲು ಗಾರೆ ಕೆಲಸಕ್ಕೆ ಹೋಗಿ ಬಂದು ರಾತ್ರಿ ಹಿತ್ತಲಲ್ಲಿ ಭಟ್ಟಿ ಇಡುತ್ತಿದ್ದಳು. ಇದನ್ನು ಬರೆಯಲು ನಮಗೆ ನಾಚಿಕೆಯಿಲ್ಲ. ಬೆಲ್ಲದ ಕೊಳೆ ಮಡಕೆಯಲ್ಲಿ ಹುಳಿ ಬಂದಿದೆಯೋ ಇಲ್ಲವೋ ಎಂದು ಕಿವಿಯಿಟ್ಟು ಕೇಳಿ ಹೇಳುತ್ತಿದ್ದಳಂತೆ. ಉರಿ ಸಣ್ಣಗಿರಬೇಕು, ಮೊದಲು ತೊಟ್ಟಿಕ್ಕಿದ್ದನ್ನು ಕುಡಿಯಬಾರದು, ನೆಲಕ್ಕೆ ಚೆಲ್ಲಬೇಕು. ಇದು ಅವಳ ಕಾನೂನು. ಕೇರಿಯ ಐದಾರು ಮನೆಗೆ ಕೊಡುತ್ತಿದ್ದಳು, ಅದರಲ್ಲಿ ಬಂದ ಕಾಸಿನಲ್ಲಿ ಅಪ್ಪ ನಾಲ್ಕನೇ ಕ್ಲಾಸಿನ ತನಕ ಓದಿದರು. ಸಿನಿಮಾದ ಭಟ್ಟಿ ಕಂಡಾಗೆಲ್ಲ ಅಜ್ಜಿ ಬಯ್ಯುತ್ತಿದ್ದಳು: 'ಅಷ್ಟು ಉರಿ ಹಾಕಿದ್ರೆ ಸೀದು ಹೋಯ್ತದೆ ಕಣ್ಲಾ. ಭಟ್ಟಿ ಇಡೋ ಕಡೆ ಒಬ್ಬ ಹೆಂಗ್ಸೂ ಇಲ್ವಲ್ಲ, ಇವೇನು ಗಂಡಸ್ರು ಕುದಿಸ್ತವೆ?'

ಒಂದು ದಿನ ಖಾಕಿಯವರು ಬಂದರು. ಜೊತೆಗೆ ಸಾರಾಯಿ ಗುತ್ತಿಗೆದಾರನ ಕಡೆಯ ಇಬ್ಬರು. ಹಿತ್ತಲಿಗೆ ದಾರಿ ತೋರಿಸಿದವರು ಅವರೇ. ಹರಾಜಿನಲ್ಲಿ ಅಂಗಡಿ ಹಿಡಿದವನಿಗೆ ಅಜ್ಜಿಯ ಎರಡು ಮಡಕೆಯೂ ನಷ್ಟದ ಬಾಬ್ತು. ಮಡಕೆ ಒದ್ದರು. ಅದು ಖಾಲಿ ಡ್ರಮ್ಮಲ್ಲ, ತುಂಬಿದ ಮಡಕೆ. ಒಡೆಯಿತು. ಅಜ್ಜಿ ಒಂದು ರಾತ್ರಿ ಸ್ಟೇಷನ್ನಿನಲ್ಲಿ ಕೂತು ಬಂದಳು. ಆಮೇಲೆ ಭಟ್ಟಿ ಇಡಲಿಲ್ಲ. ತಾತ ಕುಡಿಯುವುದು ಬಿಡಲಿಲ್ಲ. ಮನೆಯದು ಹೋದ ಮೇಲೆ ಹೊರಗಡೆ ಅಗ್ಗಕ್ಕೆ ಎಲ್ಲಿ ಸಿಗುತ್ತದೋ ಅಲ್ಲಿ ಕುಡಿದರು.

1981ರ ಜುಲೈ. ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ನಮ್ಮ ತಾತನೂ ಒಬ್ಬರು. ಮಟಮಟ ಮಧ್ಯಾಹ್ನ 'ದೀಪ ಹಚ್ಚೇ, ಏನೂ ಕಾಣ್ತಿಲ್ಲ' ಎಂದರಂತೆ. ಅಪ್ಪನಿಗೆ ಆಗ ಹದಿಮೂರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಸಿನಿಮಾ ಇದನ್ನು ಯಾವತ್ತೂ ಹೇಳಿಲ್ಲ. ಅಂದು ಜನರನ್ನು ಕೊಂದದ್ದು ಮೀಥೈಲ್ ಆಲ್ಕೊಹಾಲ್. ಅದು ಹೊಟ್ಟೆಗೆ ಹೋದರೆ ಪಿತ್ತಜನಕಾಂಗ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ, ಆ ಆಮ್ಲ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ, ಆಮೇಲೆ ಉಸಿರನ್ನು. ಬೆಲ್ಲದ ಮಡಕೆಯಲ್ಲಿ ಅದು ಆ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಅದು ಕಾರ್ಖಾನೆಯ ಪದಾರ್ಥ. ಬಣ್ಣಕ್ಕೆ, ವಾರ್ನಿಷ್‌ಗೆ, ಪಾಲಿಷ್‌ಗೆ ಬಳಸುವಂಥದು. ಹಾಗೆಂದು ಮನೆಯ ಭಟ್ಟಿ ಅಮೃತ ಎಂದು ನಾವು ಹೇಳುತ್ತಿಲ್ಲ, ಅದೂ ಹಾಳು ಮಾಡುವುದೇ. ಆದರೆ ನೂರಾರು ಜನರನ್ನು ಒಂದೇ ವಾರದಲ್ಲಿ ಸಾಯಿಸಲು ಹಿತ್ತಲ ಮಡಕೆಯಿಂದ ಆಗುವುದಿಲ್ಲ. ಅದಕ್ಕೆ ಡ್ರಮ್ಮು ಬೇಕು, ಲಾರಿ ಬೇಕು, ಗೋಡೌನು ಬೇಕು, ಕಣ್ಣು ಮುಚ್ಚಿಕೊಳ್ಳುವವರು ಬೇಕು. ದೊಡ್ಡವರು ಬೇಕು.

ಆ 1981ರಲ್ಲೇ 'ಅಂತ' ಬಂದದ್ದು. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಅಂಬರೀಶ್ ಎರಡು ಪಾತ್ರ, ಎಚ್.ಕೆ. ಅನಂತರಾವ್ ಅವರ ಕಾದಂಬರಿ. ಅದರಲ್ಲಿ ವಿಷಯ ಸಾರಾಯಿಯಲ್ಲ, ಆದರೆ ಆಮೇಲೆ ಬಂದ ಅಗ್ಗದ ಚಿತ್ರಗಳೆಲ್ಲ ಅದರ ಮರಿಗಳು. ಕನ್ವರ್‌ಲಾಲ್ ಹೆಸರು ಹೇಳಿದರೆ ಇವತ್ತಿಗೂ ಅಪ್ಪ ಎದ್ದು ಕೂರುತ್ತಾರೆ. ಫ್ರೇಜರ್ ಟೌನಿನ ಎವರೆಸ್ಟ್, ಬಾಣಸವಾಡಿ ರಸ್ತೆಯ ಮುಕುಂದ, ಇವೇ ಅಪ್ಪನ ಹೈಸ್ಕೂಲು, ಕಾಲೇಜು. ಎಂ.ಜಿ. ರಸ್ತೆಯ ಪ್ಲಾಜಾವನ್ನು ಹೊರಗಿನಿಂದ ನೋಡಿದ್ದಾರೆ. ಮುಂದೆ ಶಂಕರ್‌ನಾಗ್ 'ಸಾಂಗ್ಲಿಯಾನ' (1988) ಮಾಡಿದಾಗ ಒಬ್ಬ ನಿಜವಾದ ಪೊಲೀಸ್ ಅಧಿಕಾರಿಯ ಹೆಸರೇ ಸಿನಿಮಾದ ಹೆಸರಾಯಿತು. ಆಟೋಗಳ ಹಿಂದೆ ಇಂದಿಗೂ ಶಂಕರ್‌ನಾಗ್ ಇದ್ದಾರೆ. ನಮ್ಮ ಸ್ಟ್ಯಾಂಡಿನಲ್ಲಿ ತಮಿಳು ಮಾತಾಡುವ ಡ್ರೈವರಣ್ಣನ ಗಾಡಿಯಲ್ಲಿ ಒಂದು ಕಡೆ ಎಂಜಿಆರ್, ಒಂದು ಕಡೆ ಶಂಕರಣ್ಣ.

ಒಂದು ದಿನ ನಾವು ಅಪ್ಪನನ್ನು ಜೋರಾಗಿಯೇ ಕೇಳಿದೆವು. ಅಜ್ಜಿಯ ಮಡಕೆ ಒದ್ದವರೂ ಖಾಕಿಯವರೇ. ಸಿನಿಮಾದಲ್ಲಿ ಡ್ರಮ್ಮು ಒದೆಯುವವನೂ ಖಾಕಿಯವನೇ. ಅವನಿಗೆ ಶಿಳ್ಳೆ ಹೊಡೆಯಲು ನಿಮಗೆ ಹೇಗೆ ಮನಸ್ಸು ಬರುತ್ತದೆ? ನಾಲ್ಕು ಪುಸ್ತಕ ಓದಿದ ಗರ್ವ ನಮ್ಮ ದನಿಯಲ್ಲಿತ್ತು. ಅಪ್ಪ ಸಿಟ್ಟಾಗಲಿಲ್ಲ. 'ನಿಜವಾದ ಇನ್‌ಸ್ಪೆಕ್ಟ್ರು ಗೋಡೌನಿಗೆ ನುಗ್ಗಿದ್ದು ನೋಡಿದ್ದೀರೇನ್ರೋ? ಅವ್ರು ನುಗ್ಗೋದು ನಿಮ್ಮಜ್ಜಿ ಹಿತ್ತಲಿಗೆ. ಇವ್ನು ಸಿನಿಮಾದಾಗಾದ್ರೂ ಗೋಡೌನಿಗೆ ನುಗ್ತಾನಲ್ಲ. ಅಡ್ರೆಸ್ಸು ಸರಿಯಾಗೈತೆ, ಅದಕ್ಕೇ ಶಿಳ್ಳೆ.'

ಅಡ್ರೆಸ್ಸು ಸರಿಯಾಗಿದೆ. ಕನ್ನಡ ಸಿನಿಮಾದ ಬಗ್ಗೆ ನಾವು ಓದಿದ ಯಾವ ಲೇಖನದಲ್ಲೂ ಇಂಥ ಮಾತು ಸಿಕ್ಕಿಲ್ಲ. ಜನ ಶಿಳ್ಳೆ ಹೊಡೆದದ್ದು ಪೊಲೀಸನಿಗಲ್ಲ, ದಾಳಿಯ ವಿಳಾಸ ಬದಲಾದದ್ದಕ್ಕೆ. ಹೊರಗಡೆ ಕೇರಿಯ ಬಾಗಿಲು ಒದೆಯುವ ಬೂಟು ಒಳಗಡೆ ಬಂಗಲೆಯ ಬಾಗಿಲು ಒದೆಯುತ್ತದೆ. ಸಫಾರಿ ಹಾಕಿದವನ ಕಾಲರ್ ಹಿಡಿಯುತ್ತದೆ. ಎರಡೂವರೆ ಗಂಟೆಯಲ್ಲಿ ಒಂದು ಸಲವಾದರೂ ಅದು ನಡೆಯುತ್ತದೆ ಎಂಬ ಖಾತ್ರಿಗೆ ಆ ಜನ ಟಿಕೆಟ್ ಕೊಂಡರು. ಕೋರ್ಟು, ಕಚೇರಿ ಅಂಥ ಖಾತ್ರಿ ಕೊಡಲಿಲ್ಲ.

ಇದೇ ಮಾತನ್ನು ಹಿಡಿದುಕೊಂಡು ಬೇರೆ ದೇಶದ ಚಿತ್ರಗಳನ್ನು ನೋಡಿದರೆ ಇನ್ನಷ್ಟು ಗೊತ್ತಾಗುತ್ತದೆ. ಅಮೆರಿಕದಲ್ಲಿ ಕಳ್ಳಭಟ್ಟಿಯವರನ್ನೇ ನಾಯಕರನ್ನಾಗಿ ಮಾಡಿದ ಅಗ್ಗದ ಹೊಡೆದಾಟದ ಚಿತ್ರಗಳ ಒಂದು ಸಾಲೇ ಇದೆ. ಗೆಳೆಯನ ಮೊಬೈಲಿನಲ್ಲಿ ಒಂದೆರಡು ನೋಡಿದೆವು. 'ಥಂಡರ್ ರೋಡ್' (1958) ಎಂಬುದು ಹಳೆಯದು. ರಾಬರ್ಟ್ ಮಿಚಮ್ ತಾನೇ ಕಥೆ ಬರೆದು ತಾನೇ ನಾಯಕನಾದದ್ದು. ತಮ್ಮನ ಪಾತ್ರಕ್ಕೆ ತನ್ನ ಮಗನನ್ನೇ ಹಾಕಿದ್ದು. ಕೊರಿಯಾ ಯುದ್ಧದಿಂದ ವಾಪಸು ಬಂದವನು ಬೆಟ್ಟದ ಮೇಲಿನ ತನ್ನವರು ಕುದಿಸಿದ ಮಾಲನ್ನು ಕಾರಿನಲ್ಲಿ ತುಂಬಿಕೊಂಡು ರಾತ್ರಿ ರಸ್ತೆಗಳಲ್ಲಿ ಓಡಿಸುತ್ತಾನೆ. ಒಂದು ಕಡೆ ಸರ್ಕಾರದ ತೆರಿಗೆಯವರು, ಇನ್ನೊಂದು ಕಡೆ ಪೇಟೆಯಿಂದ ಬಂದು ಬೆಟ್ಟದವರ ಕಸುಬನ್ನೆಲ್ಲ ತನ್ನ ಕೈಗೆ ತೆಗೆದುಕೊಳ್ಳಲು ಹೊರಟ ದೊಡ್ಡ ಕಳ್ಳ. ಕೊನೆಗೆ ಅವನು ಸಾಯುತ್ತಾನೆ. ಆ ದೇಶದ ದಕ್ಷಿಣದಲ್ಲಿ, ಬಯಲಿನಲ್ಲಿ ಕಾರು ನಿಲ್ಲಿಸಿಕೊಂಡು ನೋಡುವ ಚಿತ್ರಮಂದಿರಗಳಲ್ಲಿ, ಇದನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಹಾಕಿದರು. ಕೂತು ನೋಡಿದವರು ಅದೇ ಬೆಟ್ಟದ ಜನ. 'ವೈಟ್ ಲೈಟ್ನಿಂಗ್' (1973) ಇನ್ನೂ ನಮ್ಮ ಕಡೆಗೆ ಹತ್ತಿರ. ಬರ್ಟ್ ರೆನಾಲ್ಡ್ಸ್ ಜೈಲಿನಲ್ಲಿರುವ ಕಳ್ಳಭಟ್ಟಿ ಡ್ರೈವರು. ತಮ್ಮನನ್ನು ಲಂಚಕೋರ ಷೆರೀಫ್ ಕೊಂದಿದ್ದಾನೆ. ಸರ್ಕಾರದವರಿಗೆ ಸುಳಿವು ಕೊಡುತ್ತೇನೆಂದು ಹೊರಗೆ ಬರುತ್ತಾನೆ, ಆದರೆ ಭಟ್ಟಿ ಇಡುವ ತನ್ನವರನ್ನು ಹಿಡಿದುಕೊಡಲು ಅವನಿಗೆ ಕೈ ಬರುವುದಿಲ್ಲ. ಅವನಿಗೆ ಬೇಕಾದದ್ದು ಷೆರೀಫ್ ಒಬ್ಬನೇ. ಅಪ್ಪನ ಮಾತಿನಲ್ಲಿ ಹೇಳಬೇಕಾದರೆ ಅವನ ಹತ್ತಿರವೂ ಅಡ್ರೆಸ್ಸು ಸರಿಯಾಗಿದೆ.

ನೋಡುತ್ತ ನೋಡುತ್ತ ನಮಗೆ ಹೊಟ್ಟೆಕಿಚ್ಚಾಯಿತು. ಅಲ್ಲಿಯ ಬಡವ ಪೊಲೀಸನ ವೇಷ ಹಾಕದೆ, ತನ್ನ ಬಟ್ಟೆಯಲ್ಲೇ, ತನ್ನ ಮಾಲಿನ ಜೊತೆಗೇ ನಾಯಕನಾಗಿದ್ದಾನೆ. ನಮ್ಮ ಚಿತ್ರಗಳಲ್ಲಿ ಅದಾಗಲಿಲ್ಲ. ಇಲ್ಲಿ ಕುದಿಸುವವನು ಖಳನ ಬಾಲ, ಕುಡಿಯುವವನು ಹಾಸ್ಯದವನು. ಹೀಗಂದುಕೊಂಡು ಕೂತಿರುವಾಗ ಗೆಳೆಯ ಇನ್ನೊಂದನ್ನು ತೋರಿಸಿದ. ಈ ಸಾಲಿನ ಚಿತ್ರಗಳಿಂದಲೇ ಹುಟ್ಟಿದ ಟಿವಿ ಧಾರಾವಾಹಿ, 'ದಿ ಡ್ಯೂಕ್ಸ್ ಆಫ್ ಹಜಾರ್ಡ್', 1979ರಿಂದ 1985ರವರೆಗೆ ಬಂದದ್ದು. ಕಳ್ಳಭಟ್ಟಿ ಮನೆತನದ ಇಬ್ಬರು ಚೆಲುವ ಹುಡುಗರು, ಪೆದ್ದ ಪೊಲೀಸರು, ಹಾರುವ ಕಾರು. ಮಕ್ಕಳಿಗೂ ಇಷ್ಟವಾಗುವ ತಮಾಷೆ. ಆ ಕಾರಿನ ನೆತ್ತಿಯ ಮೇಲೆ ಒಂದು ಬಾವುಟ. ಯಾರ ಬಾವುಟ? ಗುಲಾಮಗಿರಿಯನ್ನು ಉಳಿಸಿಕೊಳ್ಳಲು 1861ರಿಂದ 1865ರವರೆಗೆ ಯುದ್ಧ ಮಾಡಿದವರ ಬಾವುಟ. ಕಾರಿನ ಹೆಸರು ಜನರಲ್ ಲೀ, ಅವರ ಸೇನಾಪತಿಯ ಹೆಸರು. ನಮ್ಮ ಹೊಟ್ಟೆಕಿಚ್ಚು ಅಲ್ಲಿಗೇ ಇಳಿಯಿತು. ಅದೇ ರಸ್ತೆಯಲ್ಲಿ, ಅದೇ ಸ್ಪೀಡಿನಲ್ಲಿ, ಪೊಲೀಸರಿಗೆ ಧೂಳು ಹಾರಿಸಿಕೊಂಡು ಒಬ್ಬ ಕಪ್ಪು ಹುಡುಗ ಓಡಿಸಿದ್ದರೆ ಅದು ನಗೆಯ ಧಾರಾವಾಹಿ ಆಗುತ್ತಿತ್ತೇ? ಮೊದಲ ಕಂತಿನಲ್ಲೇ ಗುಂಡು ಹಾರುತ್ತಿತ್ತು. ಕಾನೂನು ಮುರಿದವನು ಮುದ್ದಾಗಿ ಕಾಣಬೇಕಾದರೆ ಅವನಿಗೆ ಒಂದು ಬಣ್ಣ ಬೇಕು. ಇಲ್ಲಿಯಾದರೆ ಒಂದು ಜಾತಿ ಬೇಕು. ಕೇರಿಯವನು, ತಾಂಡಾದವನು ಭಟ್ಟಿ ಇಟ್ಟರೆ ಪೇಪರಿನಲ್ಲಿ ಬರುವುದು ವಶಪಡಿಸಿಕೊಂಡ ಕೊಡಗಳ ಹಿಂದೆ ತಲೆ ತಗ್ಗಿಸಿ ನಿಂತ ಫೋಟೋ.

ಕನ್ನಡದಲ್ಲಿ ಸಾರಾಯಿಯನ್ನೇ ಮುಖ್ಯ ವಿಷಯ ಮಾಡಿಕೊಂಡ ದೊಡ್ಡ ಚಿತ್ರವೊಂದಿದೆ, ಅದನ್ನು ಬಿಟ್ಟರೆ ನಾವು ಅನ್ಯಾಯ ಮಾಡಿದಂತೆ. 'ಜೀವನಚೈತ್ರ' (1992). ಟಿ.ಕೆ. ರಾಮರಾಯರ ಕಾದಂಬರಿ, ದೊರೈ-ಭಗವಾನ್ ನಿರ್ದೇಶನ, ಕೆಲವು ವರ್ಷ ಬಿಟ್ಟು ರಾಜ್‌ಕುಮಾರ್ ಮತ್ತೆ ತೆರೆಗೆ ಬಂದ ಚಿತ್ರ. ಅದನ್ನು ನೋಡಿ ಹಳ್ಳಿಗಳಲ್ಲಿ ಜನ ಸಾರಾಯಿ ಅಂಗಡಿ ಮುಚ್ಚಿಸಿದರು ಎಂದು ಹೇಳುತ್ತಾರೆ. ನಮ್ಮ ಹೆಂಗಸರು ಅದನ್ನು ನೋಡಿ ಅತ್ತಿದ್ದಾರೆ, ಆ ಕಣ್ಣೀರಿಗೆ ನಾವು ಮರ್ಯಾದೆ ಕೊಡುತ್ತೇವೆ. ಆದರೆ ಅಲ್ಲಿ ಊರನ್ನು ಸಾರಾಯಿಯಿಂದ ಬಿಡಿಸುವವರು ಯಾರು? ದೊಡ್ಡ ಮನೆತನದ ದೊಡ್ಡ ಮನುಷ್ಯ. ಒಳ್ಳೆಯ ಯಜಮಾನ ಬಂದರೆ ಕೆಟ್ಟ ಅಂಗಡಿ ಮುಚ್ಚುತ್ತದೆ. ನಾವು ಅಲ್ಲೂ ತೂರಾಡುತ್ತ ಬಂದು, ಬುದ್ಧಿ ಹೇಳಿಸಿಕೊಂಡು, ಕೈ ಮುಗಿದು ಹೋಗುವ ಗುಂಪು. ಹೊರಗೆ ನಡೆದದ್ದು ಬೇರೆ. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಬೀದಿಯಲ್ಲಿ ಕೂಗಿತು. ಆಂಧ್ರದ ನೆಲ್ಲೂರು ಸೀಮೆಯ ದೂಬಗುಂಟದಲ್ಲಿ ಕೂಲಿ ಹೆಂಗಸರೇ ಎದ್ದು ಅಂಗಡಿ ಮುಚ್ಚಿಸಿದರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿಕೊಂಡು ಹೆಂಗಸರು ಸಾವಿರಗಟ್ಟಲೆ ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದು ಬಂದರು. ಅವರ ಜೊತೆ ಯಾವ ಯಜಮಾನನೂ ಇರಲಿಲ್ಲ, ಯಾವ ಫೈಟ್ ಮಾಸ್ಟರೂ ಇರಲಿಲ್ಲ. ಅಷ್ಟು ದೂರ ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ನಡೆದು ಬಂದ ಆ ಕಾಲುಗಳಿಗಿಂತ ದೊಡ್ಡ ಆ್ಯಕ್ಷನ್ ಸೀನು ಬೇಕಾ ಸ್ವಾಮಿ?

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ನಾವು ಆಗ ಪ್ರೈಮರಿ ಶಾಲೆ. ಪ್ಯಾಕೆಟ್ ಸಾರಾಯಿಯ ಹರಿದ ಕವರುಗಳು ಚರಂಡಿಯಲ್ಲಿ ತೇಲುವುದು ನಿಂತಿತು. ಮರುವರ್ಷ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ, ಗಡಿಯಾಚೆ ಕೃಷ್ಣಗಿರಿಯ ಕಡೆ ವಿಷದ ಸಾರಾಯಿಗೆ ಮತ್ತೆ 100ಕ್ಕೂ ಹೆಚ್ಚು ಜನ ಬಲಿಯಾದರು. ಮತ್ತೆ ಅದೇ ಮೀಥೈಲ್. ಮತ್ತೆ ಅದೇ ಕೂಲಿ ಜನ. ಈಗ ಬಣ್ಣದ ಮದ್ಯ, ತೊಂಬತ್ತು ಎಂ.ಎಲ್. ಟೆಟ್ರಾ ಪ್ಯಾಕು. 2023–24ರಲ್ಲಿ ಅಬಕಾರಿಯಿಂದ ಸರ್ಕಾರದ ಬೊಕ್ಕಸಕ್ಕೆ ಬಂದದ್ದು 30,000 ಕೋಟಿ ರೂಪಾಯಿ ಮೀರಿದೆ. ಗುತ್ತಿಗೆದಾರ ಹೋದ, ಅಂಗಡಿ ಉಳಿಯಿತು. ಸಿನಿಮಾಗಳೂ ಬದಲಾದವು. ಅಡ್ಡೆ ಒಡೆಯುವ ಫೈಟಿನ ಜಾಗಕ್ಕೆ ನಾಯಕನೇ ಬಾಟಲಿ ಹಿಡಿದು ಕುಣಿಯುವ ಎಣ್ಣೆ ಸಾಂಗು ಬಂತು, ಕೆಳಗೆ ಸಣ್ಣ ಅಕ್ಷರದಲ್ಲಿ ಆರೋಗ್ಯಕ್ಕೆ ಹಾನಿಕರ ಎಂದು ಒಂದು ಸಾಲು. ಆ ಅಗ್ಗದ ಚಿತ್ರಗಳಿಗೆ ಇಷ್ಟಾದರೂ ಸಿಟ್ಟಿತ್ತು. ಈ ದುಬಾರಿ ಹಾಡುಗಳಿಗೆ ಅದೂ ಇಲ್ಲ.

ಹಾಗಂತ ಹಳೆಯದನ್ನು ತಲೆಯ ಮೇಲೆ ಹೊತ್ತು ಮೆರೆಸಲು ನಾವು ಬಂದಿಲ್ಲ. ಅಪ್ಪನ ಮಾತು ಎಷ್ಟು ನಿಜವೋ, ಅಜ್ಜಿಯ ಒಂದು ಪ್ರಶ್ನೆಯೂ ಅಷ್ಟೇ ನಿಜ. ಕೊನೆಯ ಫೈಟು ನಡೆಯುತ್ತಿತ್ತು. ಶೆಡ್ಡಿಗೆ ಬೆಂಕಿ, ಡ್ರಮ್ಮುಗಳು ಒಂದೊಂದಾಗಿ ಹಾರುತ್ತಿವೆ, ಖಳನಾಯಕ ಸತ್ತ, ಪೊಲೀಸ್ ಜೀಪುಗಳು ಬಂದವು. ಅಪ್ಪ ಶಿಳ್ಳೆ ಹೊಡೆದು ಸುಮ್ಮನಾದರು. ಅಜ್ಜಿ ಕೇಳಿದಳು:

'ಮೊದ್ಲು ಡ್ರಮ್ಮು ತಗೊಂಡು ಒಂದು ಲಾರಿ ಬಂತಲ್ಲ, ಅದು ಎಲ್ಲಿಂದ ಬಂತು ಅಂತ ತೋರ್ಸಲೇ ಇಲ್ವಲ್ಲೋ?'

ನಾವೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ಅಷ್ಟು ಚಿತ್ರಗಳಲ್ಲಿ ಒಂದರಲ್ಲೂ ಲಾರಿ ಹೊರಟ ಗೇಟನ್ನು ನೋಡಿದ ನೆನಪು ನಮಗೆ ಬರಲಿಲ್ಲ. ಲಾರಿ ಕತ್ತಲಿಂದ ಬರುತ್ತದೆ, ಅಡ್ಡೆಯ ಮುಂದೆ ನಿಲ್ಲುತ್ತದೆ. ಅದರ ಹಿಂದಿನ ದಾರಿ, ಅದಕ್ಕೆ ಪರ್ಮಿಟ್ಟು ಬರೆದ ಪೆನ್ನು, ಡ್ರಮ್ಮು ತುಂಬಿಸಿದ ಕಾರ್ಖಾನೆಯ ಬೋರ್ಡು ಯಾವುದೂ ಕಾಣುವುದಿಲ್ಲ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, ತಾನು ಲೋಡು ಎತ್ತುತ್ತಿದ್ದ ಕಾಲದಲ್ಲಿ ಯಾವ ಯಾವ ಗೇಟಿನಿಂದ ರಾತ್ರಿ ಹೊತ್ತು ಗಾಡಿ ಹೊರಡುತ್ತಿತ್ತು ಎಂದು ಬೆರಳು ಮಡಿಚಿ ಎಣಿಸಲು ಶುರು ಮಾಡಿದರು. ಅಜ್ಜಿ ಟಿವಿ ಸೌಂಡು ಕಡಿಮೆ ಮಾಡು ಎಂದಳು.